ಅವ್ವನ ಮಿಷನ್ನು

ಎತ್ತಿಗೆ ವಯಸ್ಸಾಯಿತೋ ಇಲ್ಲವೋ ಎಂಬುದನ್ನು ನಮ್ಮ ಕಡೆಯ ರೈತರು ಬಾಯಿ ಬಿಡಿಸಿ ಹಲ್ಲು ನೋಡಿ ಹೇಳಿಬಿಡುತ್ತಾರೆ. ನಮ್ಮ ಮನೆಯ ಏ.ಸಿ.ಗೆ ಹಲ್ಲಿರಲಿಲ್ಲ. ಹಾಗಾಗಿ ಅದು ಮುದಿಯಾದದ್ದನ್ನು ಒಪ್ಪಿಕೊಳ್ಳಲು ನನಗೆ ಮೂರು ಬೇಸಿಗೆ ಬೇಕಾದವು.

ಸವಣೂರಿನಲ್ಲಿ ಏ.ಸಿ. ಯಾಕೆ ಎಂದು ನೀವು ಕೇಳಬಹುದು. ನಮ್ಮದು ಮೊದಲು ಮಣ್ಣಿನ ಮಾಳಿಗೆಯ ಮನೆ. ಗೇಣುಗಟ್ಟಲೆ ದಪ್ಪದ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಮೇಲುಮುದ್ದೆಯ ಮಣ್ಣು, ನಡುವೆ ಒಂದು ಬೆಳಕಿಂಡಿ. ಮೇ ತಿಂಗಳ ನಡುಮಧ್ಯಾಹ್ನ ಒಳಗೆ ಕಾಲಿಟ್ಟರೆ ಎಲೆತೋಟಕ್ಕೆ ಹೊಕ್ಕಂತಾಗುತ್ತಿತ್ತು. ಮಳೆಗಾಲದಲ್ಲಿ ಮಾತ್ರ ಸೋರುತ್ತಿತ್ತು. ಈ ಸೋರುವಿಕೆಗೆ ಬೇಸತ್ತು 1996ರಲ್ಲಿ ಗೋಡೆ ಹಾಗೇ ಇಟ್ಟು ಮೇಲೆ ಸ್ಲ್ಯಾಬ್ ಹಾಕಿಸಿದೆ. ಆಗ ನಾನು ಹೈಸ್ಕೂಲಿನಲ್ಲಿ ಮಾಸ್ತರ, ಆರ್.ಸಿ.ಸಿ. ಮನೆ ಎಂದರೆ ಮರ್ಯಾದೆಯ ಮಾತು. ಅವ್ವ ಒಂದೇ ಮಾತು ಅಂದಿದ್ದಳು: "ಮಣ್ಣು ತಗದು ತಲಿ ಮ್ಯಾಲೆ ಹಂಚು ಕಾಸಾಕ ಇಡ್ತೀಯೇನೋ ತಮ್ಮಾ?" ರೊಟ್ಟಿ ಬಡಿದವಳಿಗೆ ಹಂಚಿನ ಗುಣ ಗೊತ್ತಿತ್ತು. ನಾನು ನಕ್ಕೆ.

2008ರಲ್ಲಿ ಅವ್ವನಿಗೆ ಲಕ್ವಾ ಹೊಡೆಯಿತು. ಮೈಯ ಒಂದು ಭಾಗ ಬಿದ್ದುಹೋಯಿತು. ಬೇಸಿಗೆ ಬಂತೆಂದರೆ ಬೆನ್ನ ಕೆಳಗೆ ಬೆವರು ನಿಂತು ಹುಣ್ಣಾಗತೊಡಗಿತು. ಡಾಕ್ಟರರು, ಹೇಗಾದರೂ ಮಾಡಿ ಕೋಣೆ ತಂಪಾಗಿಡಿ ಎಂದರು. ಪುಣೆಯಲ್ಲಿ ಆಗಷ್ಟೇ ನೌಕರಿಗೆ ಸೇರಿದ್ದ ಮಗ ಹಣ ಕಳಿಸಿದ. ಹುಬ್ಬಳ್ಳಿಯಿಂದ ಒಂದೂವರೆ ಟನ್ನಿನ ಕಿಟಕಿ ಏ.ಸಿ. ಬಂತು. ಗೋಡೆ ಒಡೆಯಲು ಗೌಂಡಿಗೆ ಎರಡು ದಿನ ಹಿಡಿಯಿತು. ಓಣಿಗೆಲ್ಲ ಅದೇ ಮೊದಲ ಏ.ಸಿ. ಹೆಂಗಸರು ಅಕ್ಕಿಯ ಮೊರ ಹಿಡಿದುಕೊಂಡು ಅವ್ವನ ಕೋಣೆಗೇ ಬಂದು ಕೂತು ಕಲ್ಲು ಆರಿಸುತ್ತಿದ್ದರು. ಅವ್ವನಿಗೆ ಜನ, ಜನಕ್ಕೆ ತಂಪು. ತೊದಲುತ್ತ ಅವಳು ಅದನ್ನು "ಮಿಷನ್ನು" ಅನ್ನುತ್ತಿದ್ದಳು. 2014ರಲ್ಲಿ ಅದೇ ಕೋಣೆಯಲ್ಲಿ, ಅದರ ಗರಗರ ಸದ್ದಿನೊಳಗೇ, ಅವಳ ಉಸಿರು ನಿಂತಿತು. ಯಾವಾಗ ನಿಂತಿತೆಂದು ಪಕ್ಕದಲ್ಲಿದ್ದ ನನಗೂ ಕೇಳಿಸಲಿಲ್ಲ.

ಟನ್ನು ಎಂದರೆ ಪೆಟ್ಟಿಗೆಯ ತೂಕವೆಂದೇ ನಾನು ಬಹಳ ದಿನ ತಿಳಿದಿದ್ದೆ. ಹಾಗಲ್ಲ. ಒಂದು ಟನ್ ಮಂಜುಗಡ್ಡೆ ಇಪ್ಪತ್ತನಾಲ್ಕು ತಾಸಿನಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಕೋಣೆಯಿಂದ ಹೊರಹಾಕುವ ತಾಕತ್ತು. ಇನ್ನೊಂದು ಸೋಜಿಗ: 1902ರಲ್ಲಿ ಅಮೇರಿಕದ ವಿಲಿಸ್ ಕ್ಯಾರಿಯರ್ ಈ ಯಂತ್ರವನ್ನು ಯೋಜಿಸಿದ್ದು ಮನುಷ್ಯರಿಗಾಗಿ ಅಲ್ಲ, ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದ ಕಾಗದಕ್ಕಾಗಿ. ಹವೆಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಜಾಗ ತಪ್ಪುತ್ತಿದ್ದವಂತೆ. ಕಾಗದಕ್ಕೆ ಬಂದ ಭಾಗ್ಯ ನಮಗೆ ತಲುಪಲು ನೂರು ವರ್ಷ ಮೇಲಾಯಿತು.

ಅವ್ವ ಹೋದ ಮೇಲೆ ಆ ಕೋಣೆ ನಮ್ಮಿಬ್ಬರದಾಯಿತು. ಮಾರ್ಚ್ ಕೊನೆಯಿಂದ ಮೊದಲ ಮಳೆಯವರೆಗೆ ಮಾತ್ರ ಏ.ಸಿ. ಹಚ್ಚುವುದು. 2015ರಲ್ಲಿ ಗ್ಯಾಸು ತುಂಬಿಸಿದೆ. 2019ರಲ್ಲಿ ಮತ್ತೆ. ಆಮೇಲೆ 2022, 2023, 2024. ಬರುತ್ತಿದ್ದ ಮೆಕ್ಯಾನಿಕ್ಕು, "ಗ್ಯಾಸು ಖಾಲಿ ಆಗೇತ್ರಿ" ಎಂದು ತುಂಬಿ ರೊಕ್ಕ ಎಣಿಸಿಕೊಂಡು ಹೋಗುತ್ತಿದ್ದ. ಸ್ಟೋವಿನ ಸೀಮೆಎಣ್ಣೆಯಂತೆ ಅದೂ ಉರಿದು ತೀರುತ್ತದೆಂದು ನಾನು ನಂಬಿದ್ದೆ. ವಿಜ್ಞಾನ ಕಲಿಸಿದ ಮಾಸ್ತರ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಆತ ಸಿಗದೆ ಶಿಗ್ಗಾಂವಿಯಿಂದ ಒಬ್ಬ ಹುಡುಗ ಬಂದ. ಐ.ಟಿ.ಐ. ಕಲಿತವನು. ಮುಂಭಾಗ ಬಿಚ್ಚಿ, ಬಟ್ಟಲಿನಲ್ಲಿ ಸಾಬೂನಿನ ನೊರೆ ಮಾಡಿ ಕಾಯಿಲಿಗೆ ಸವರಿದ. ಮೂರು ಕಡೆ ಸಣ್ಣ ಗುಳ್ಳೆ ಎದ್ದವು.

"ಸರ, ಗ್ಯಾಸು ಖರ್ಚಾಗೂ ವಸ್ತು ಅಲ್ರಿ. ಒಳಗ ಸುತ್ತಿಕೋತ ಇರತೈತಿ. ಕಡಿಮಿ ಆತಂದ್ರ ಸೋರೇತಿ ಅಂತನ ಲೆಕ್ಕ. ತೂತು ಮುಚ್ಚದ ತುಂಬಿದ್ರ ಒಡಕ ಕೊಡಕ್ಕ ನೀರು ಹಾಕಿದಂಗ."

ಬೆಸುಗೆ ಹಾಕಬಹುದಲ್ಲ ಎಂದೆ. ಒಂದು ಕಡೆ ಹಾಕಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ, ಕಾಯಿಲೇ ಸವೆದಿದೆ, ಹೊಸ ಕಾಯಿಲಿಗೆ ಎಂಟು ಸಾವಿರ ಬೇಕು, ಅದಕ್ಕೂ ಕಂಪ್ರೆಸರಿನ ಭರವಸೆ ತಾನು ಕೊಡುವುದಿಲ್ಲ ಎಂದ. ಇಷ್ಟು ವರ್ಷ ಸೋರಿದ್ದು ಆರ್-22 ಎಂಬ ಗ್ಯಾಸು. ಓಝೋನ್ ಪದರಕ್ಕೆ ಕುತ್ತು ತರುವ ಇಂಥವನ್ನು ಹಂತಹಂತವಾಗಿ ಕೈಬಿಡಲು 1987ರ ಮಾಂಟ್ರಿಯಲ್ ಒಪ್ಪಂದ ದಾರಿ ಮಾಡಿತು. ನಮ್ಮ ದೇಶದಲ್ಲಿ 2025ರ ಜನವರಿಯಿಂದ ಈ ಜಾತಿಯ ಗ್ಯಾಸಿನ ಹೊಸ ಯಂತ್ರ ತಯಾರಿಸುವಂತಿಲ್ಲ. ಹಳೆಯವುಗಳ ದುರಸ್ತಿಗೆ ಗ್ಯಾಸು ಸಿಗುತ್ತದೆ. ನಾನು ಬೆಸುಗೆಯನ್ನೇ ಹಾಕಿಸಿದೆ.

ಸಲಹೆಗೇನೂ ಬರ ಇರಲಿಲ್ಲ. ಹಿರೇಕೆರೂರಿನ ಬೀಗರು ಗೋವಿನಜೋಳದ ವ್ಯಾಪಾರಸ್ಥರು. ಹತ್ತು ವರ್ಷ ಆಯಿತೆಂದರೆ ಏ.ಸಿ. ಮುಗಿದ ಹಾಗೆ, ಕೊಟ್ಟಷ್ಟಕ್ಕೆ ಕೊಟ್ಟು ಕೈ ತೊಳಕೊಳ್ಳಿ ಎಂದರು. ಹಾನಗಲ್ಲಿನ ಅಕ್ಕ ಫೋನಿನಲ್ಲಿ, "ಬ್ಯಾಸಗಿ ಮುಗಿಯೂತನಕ ಇಬ್ಬರೂ ನಮ್ಮಲ್ಲೇ ಬಂದಿರ್ರಿ" ಎಂದಳು. ಅವಳ ಊರಿಗೆ ಮಲೆನಾಡಿನ ಗಾಳಿ ಬಡಿಯುತ್ತದೆ, ಗದ್ದೆ ಇದೆ, ಕೆರೆ ಇದೆ, ಮಾವಿನ ತೋಪಿದೆ, ಏ.ಸಿ. ಎಂಬುದು ಅವಳಿಗೆ ನಮ್ಮ ಸೊಕ್ಕಾಗಿ ಕಾಣುತ್ತದೆ.

ನಾನು ಕಾಗದ ಪೆನ್ನು ಹಿಡಿದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮಗೆ ಕರೆಂಟು ಬಿಲ್ಲು ಇಲ್ಲವೆಂಬಷ್ಟು ಕಡಿಮೆ. ತಿಂಗಳಿಗೆ ನೂರಾಹತ್ತು ಯೂನಿಟ್ಟಿನ ಸಂಸಾರ. ಆದರೆ ಇನ್ನೂರು ಯೂನಿಟ್ ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಹಳೆಯ ಏ.ಸಿ. ಒಂದು ರಾತ್ರಿಗೆ ಹತ್ತು ಹನ್ನೆರಡು ಯೂನಿಟ್ ನುಂಗುತ್ತಿತ್ತು. ಇಪ್ಪತ್ತು ರಾತ್ರಿ ಹಚ್ಚಿದರೆ ಲೆಕ್ಕ ಮುನ್ನೂರು ದಾಟಿತು. ಹೊಸ ಐದು ನಕ್ಷತ್ರದ ಇನ್ವರ್ಟರ್ ಆದರೆ ರಾತ್ರಿಗೆ ನಾಲ್ಕೈದು ಯೂನಿಟ್ಟು, ಅಂದರೆ ಇನ್ನೂರರ ಗೆರೆಯ ಈಚೆ ಆಚೆ. ಎಷ್ಟೇ ಎಳೆದರೂ ವರ್ಷಕ್ಕೆ ನಾಲ್ಕು ಸಾವಿರ ಉಳಿದೀತು. ಯಂತ್ರಕ್ಕೆ ನಲವತ್ತು ಸಾವಿರ. ಹತ್ತು ವರ್ಷಕ್ಕೆ ಅಸಲು ಕೂಡುತ್ತದೆ, ನನಗೆ ಎಪ್ಪತ್ತೊಂದು. ವರ್ಷವಿಡೀ ಹಚ್ಚುವವರ ಮಾತು ಬೇರೆ. ಎರಡು ತಿಂಗಳ ಗಿರಾಕಿಗೆ ಹಳೆಯದೇ ಲಾಭ ಎಂದು ಸಿದ್ಧವಾಯಿತು. ನನಗೆ ಬೇಕಾದ ಉತ್ತರವೇ ಬಂದಾಗ ನಾನು ಲೆಕ್ಕವನ್ನು ಎರಡನೆಯ ಸಲ ನೋಡುವವನಲ್ಲ.

ಮೇ ತಿಂಗಳ ಒಂದು ರಾತ್ರಿ ಎರಡರ ಸುಮಾರಿಗೆ ಎಚ್ಚರವಾಯಿತು. ಮಿಷನ್ನು ಗರಗರ ಅನ್ನುತ್ತಿತ್ತು. ಪಕ್ಕದಲ್ಲಿ ಇವಳಿಲ್ಲ. ಪಡಸಾಲೆಯಲ್ಲಿ ದೀಪ ಹಚ್ಚದೆ, ಬಾಗಿಲು ತೆರೆದು, ಹೊಸ್ತಿಲಿಗೆ ತಲೆ ಆನಿಸಿ ಕೂತಿದ್ದಳು. ಒದ್ದೆ ಟವೆಲು ಕೊರಳ ಮೇಲಿತ್ತು. ಹಿಂದಿನ ವರ್ಷವಷ್ಟೇ ಅವಳ ಎದೆಗೆ ಸ್ಟೆಂಟು ಹಾಕಿಸಿದ್ದೆವು. ನನ್ನ ಕೈಕಾಲು ತಣ್ಣಗಾದವು. ಏನಾಯಿತೆಂದು ಕೇಳಿದೆ.

"ಏನೂ ಇಲ್ರಿ. ಒಳಗ ಝಳ. ಅದು ಸಪ್ಪಳ ಅಷ್ಟ ಮಾಡತೈತಿ, ತಂಪು ಬರಂಗಿಲ್ಲ. ಎಂಟ ದಿನಾ ಆತು."

ಎಂಟು ದಿನ. ಆ ಸದ್ದಿಗೇ ನನಗೆ ನಿದ್ದೆ ಹತ್ತುತ್ತಿತ್ತು. ತಂಪಿದೆಯೋ ಇಲ್ಲವೋ ನನ್ನ ಮೈಗೆ ಗೊತ್ತೇ ಆಗಿರಲಿಲ್ಲ. ನನಗೇಕೆ ಹೇಳಲಿಲ್ಲ ಎಂದು ಸಿಟ್ಟು ಮಾಡಿದೆ. ತಪ್ಪು ನಮ್ಮದಾದಾಗ ಸಿಟ್ಟು ಬೇಗ ಬರುತ್ತದೆ. ಅವಳು ಸ್ವಲ್ಪ ಹೊತ್ತು ಬೀದಿಯ ಕಡೆ ನೋಡಿ, "ಅದು ನಿಮ್ಮ ಅವ್ವನ ಮಿಷನ್ನು. ತಗೀರಿ ಅಂತ ನಾ ಹೆಂಗ ಹೇಳ್ಲಿ?" ಎಂದಳು.

ಬೆಳಿಗ್ಗೆಯೇ ಹೊಸದನ್ನು ತರಲು ಹೊರಟವನನ್ನು ಅವಳೇ ತಡೆದಳು. ಮೊದಲು ತಲೆಯ ಮೇಲಿನ ಹಂಚಿಗೆ ಏನಾದರೂ ಮಾಡಿ ಎಂದಳು. ಸ್ಲ್ಯಾಬಿನ ಮೇಲೆ ಎರಡು ಸಲ ದಪ್ಪಗೆ ಸುಣ್ಣ ಬಳಿಸಿ, ಸಂಜೆ ನೀರು ಹೊಡೆಸಿದೆ. ಒಳಗಿನ ಝಳ ಕಣ್ಣಿಗೆ ಕಾಣುವಷ್ಟು ಇಳಿಯಿತು. ಅವ್ವ 1996ರಲ್ಲೇ ಹೇಳಿದ್ದನ್ನು ಇಪ್ಪತ್ತೊಂಬತ್ತು ವರ್ಷಕ್ಕೆ ಕೇಳಿಸಿಕೊಂಡ ಹಾಗಾಯಿತು. ಉಳಿದ ಬೇಸಿಗೆ ಕೂಲರು ಇಟ್ಟುಕೊಂಡು, ಹಾನಗಲ್ಲಿನಲ್ಲಿ ಹದಿನೈದು ದಿನ ಇದ್ದು ಕಳೆದೆವು. ಸೆಪ್ಟೆಂಬರ್ 22ರಿಂದ ಏ.ಸಿ.ಯ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿಯಿತು. ದಸರೆ ಕಳೆದ ಮೇಲೆ ಹೊಸದು ಬಂತು. ಸುಣ್ಣದ ಪುಣ್ಯದಿಂದ ಒಂದೂವರೆಯ ಬದಲು ಒಂದೇ ಟನ್ನು ಸಾಕಾಯಿತು.

ಹಳೆಯದನ್ನು ಇಳಿಸಲು ಶಿಗ್ಗಾಂವಿಯ ಹುಡುಗನೇ ಬಂದ. ಒಳಗೆ ಉಳಿದ ಗ್ಯಾಸನ್ನು ಹವೆಗೆ ಬಿಡದೆ ಸಿಲಿಂಡರಿಗೆ ತುಂಬಿಕೊಂಡ. ತಾಮ್ರಕ್ಕೆಂದು ಗುಜರಿಯವನು ಕೊಟ್ಟದ್ದು ಮೂರು ಸಾವಿರದ ಇನ್ನೂರು. ತಳ್ಳುಗಾಡಿ ಓಣಿಯ ತಿರುವು ದಾಟುವವರೆಗೆ ನಾನು ಕಟ್ಟೆಯ ಮೇಲೆ ನಿಂತಿದ್ದೆ.

ಗೋಡೆಯ ತೂತು ಹಾಗೇ ಇದೆ. ಹೊಸದಕ್ಕೆ ಪೈಪು ಹೋಗುವಷ್ಟು ಕಿಂಡಿ ಸಾಕು, ಈ ದೊಡ್ಡದರಿಂದ ಕೆಲಸವಿಲ್ಲ. ಇಟ್ಟಿಗೆ ಹಾಕಿ ಮುಚ್ಚಿಸೋಣ ಎಂದು ನಾನು. ಬಾಗಿಲುಳ್ಳ ಸಣ್ಣ ಕಿಟಕಿ ಇಡಿಸಿರಿ, ಚಳಿಗಾಲದಲ್ಲಾದರೂ ಹೊರಗಿನ ಗಾಳಿ ಬರಲಿ ಎಂದು ಅವಳು. ಗೌಂಡಿ ಎರಡು ಸಲ ಬಂದು ಇಬ್ಬರ ಮುಖ ನೋಡಿ ಹೋಗಿದ್ದಾನೆ. ಸದ್ಯಕ್ಕೆ ನನ್ನ ಹಳೆಯ ಶಾಲೆಯ ಗೋಡೆ ನಕಾಶೆಯನ್ನು ಅಲ್ಲಿ ತೂಗುಬಿಟ್ಟಿದ್ದೇನೆ. ಅದು 1997ಕ್ಕಿಂತ ಮೊದಲಿನ ಧಾರವಾಡ ಜಿಲ್ಲೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಲ್ಲ ಅದರಲ್ಲೇ ಇವೆ. ಗಾಳಿ ಬೀಸಿದಾಗ ಇಡೀ ಜಿಲ್ಲೆ ಒಳಕ್ಕೆ ಉಬ್ಬಿ ಮತ್ತೆ ಗೋಡೆಗೆ ಹತ್ತುತ್ತದೆ. ಫೆಬ್ರುವರಿಯೊಳಗೆ ಏನಾದರೊಂದು ಮಾಡಿಸಬೇಕು.