ಎಷ್ಟು ದೂರದಿಂದ ತೆಗೆದಿರಿ?

ಫೋಟೋ ಹುಚ್ಚು ಹತ್ತಿದವರ ಮುಂದೆ ಒಂದು ಒಳ್ಳೆ ಚಿತ್ರ ಇಟ್ಟು ನೋಡಿ. ಅವರ ಬಾಯಿಂದ ಮೊದಲು ಬರುವ ಮಾತು 'ಚೆನ್ನಾಗಿದೆ' ಅಂತ ಅಲ್ಲ, 'ಯಾವ ಲೆನ್ಸು?' ಅಂತ. ಮಗು ನೋಡೋಕೆ ಬಂದವರು ತೊಟ್ಟಿಲು ಎಲ್ಲಿ ತಗೊಂಡ್ರಿ ಅಂತ ವಿಚಾರಿಸಿದ ಹಾಗೆ. ತಪ್ಪೇನಿಲ್ಲ ಬಿಡಿ, ನಾನೂ ಕೇಳ್ತೀನಿ. ಕೇಳಿ ಕೇಳಿಯೇ ನಾವೆಲ್ಲ ಅಷ್ಟಿಷ್ಟು ಕಲಿತಿದ್ದು.

ಮೈಸೂರಿನಲ್ಲಿ ನಮ್ಮದೊಂದು ಏಳೆಂಟು ಜನರ ಗುಂಪಿದೆ. ಹೆಸರಿಲ್ಲ, ಬೋರ್ಡಿಲ್ಲ, ಚಂದಾ ಇಲ್ಲ. ತಿಂಗಳ ಮೊದಲ ಭಾನುವಾರ ಸಂಜೆ ರಿಟೈರಾದ ಡ್ರಾಯಿಂಗ್ ಮೇಷ್ಟ್ರೊಬ್ಬರ ಮಹಡಿ ಮೇಲೆ ಸೇರುತ್ತೇವೆ. ಮೇಷ್ಟ್ರು ಕ್ಯಾಮೆರಾ ಮುಟ್ಟಿದವರೇ ಅಲ್ಲ, ನೋಡೋದು ಮಾತ್ರ ಅವರ ಕೆಲಸ. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ಮೆಡಿಕಲ್ ಸ್ಟೋರ್ ಇಟ್ಟವರೊಬ್ಬರು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ ಮೇಡಂ, ಇನ್ನೂ ಡಿಪ್ಲೊಮಾ ಓದುತ್ತಿರುವ ಹುಡುಗ, ಹೀಗೆ. ತಲೆಗೆ ಐದು ಚಿತ್ರ. ಪೆನ್‌ಡ್ರೈವ್ ಟೀವಿಗೆ ಸಿಕ್ಕಿಸಿದರೆ ಶುರು. ಮೇಷ್ಟ್ರ ಮನೆಯವರು ಚುರುಮುರಿ ಕಲಸಿ ಕಳಿಸುತ್ತಾರೆ. ಅದು ಮುಗಿಯೋ ಹೊತ್ತಿಗೆ ಕನಿಷ್ಠ ಒಂದು ಜಗಳ ಆಗಿರುತ್ತೆ.

ಜಗಳ ಹೆಚ್ಚಾಗಿ ಲೆನ್ಸಿನದೇ. ಹಕ್ಕಿ ಫೋಟೋಗ್ರಫಿಯಲ್ಲಿ ಎಲ್ಲರಿಗೂ ಇನ್ನೂ ಉದ್ದದ್ದು ಬೇಕು. 300 ಎಂ.ಎಂ. ಇದ್ದವನಿಗೆ 400ರ ಮೇಲೆ ಕಣ್ಣು, 400 ಇದ್ದವನಿಗೆ 600ರ ಕನಸು. ಆದರೆ ಉದ್ದ ಅಂದರೆ ಬರೀ ಉದ್ದ ಅಲ್ಲ, ಎಷ್ಟು ಬೆಳಕು ಒಳಗೆ ಬರುತ್ತೆ ಅನ್ನೋದೂ ಮುಖ್ಯ. ಲೆಕ್ಕ ಸುಲಭ. 400 ಎಂ.ಎಂ. ಎಫ್/5.6 ಅಂದರೆ ನಾನೂರನ್ನು 5.6ರಿಂದ ಭಾಗಿಸಿ, ಸುಮಾರು 71 ಎಂ.ಎಂ. ಅದೇ 400ರಲ್ಲಿ ಎಫ್/2.8 ಬೇಕು ಅಂದರೆ ಸುಮಾರು 143 ಎಂ.ಎಂ. ಮುಂದಿನ ಗಾಜು ಅಷ್ಟಾದರೂ ಅಗಲ ಇರಲೇಬೇಕು. ಅಷ್ಟು ದೊಡ್ಡ ಗಾಜು ಉಜ್ಜಿ ನುಣುಪು ಮಾಡೋದಕ್ಕೆ ದುಡ್ಡು, ಹೊರೋದಕ್ಕೆ ಭುಜ. ಒಂದು ಲೆನ್ಸು ಬೈಕಿನ ಬೆಲೆಗೆ ಬಂದರೆ ಇನ್ನೊಂದು ಕಾರಿನ ಬೆಲೆಗೆ ಯಾಕೆ ಬರುತ್ತೆ ಅಂತ ಮನೆಯವರಿಗೆ ವಿವರಿಸಬೇಕಾದಾಗ ಈ ಲೆಕ್ಕ ಉಪಯೋಗಕ್ಕೆ ಬರುತ್ತೆ. ಅವರು ಒಪ್ಪುತ್ತಾರೆ ಅಂತಲ್ಲ.

ನಮ್ಮ ಗುಂಪಿನಲ್ಲಿ ಡಿಪ್ಲೊಮಾ ಹುಡುಗನ ಹತ್ತಿರ ಇರೋದು 55-250ರ ಒಂದು ಹಗುರ ಲೆನ್ಸು, ಅದೂ ಸೆಕೆಂಡ್ ಹ್ಯಾಂಡು. ಅವನದು ಕ್ಯಾನನ್‌ನ ಸಣ್ಣ ಸೆನ್ಸರ್‌ನ ಕ್ಯಾಮೆರಾ. ಅದರಲ್ಲಿ ನೋಟ 1.6 ಪಟ್ಟು ಕಿರಿದಾಗುವುದರಿಂದ 250 ಎಂ.ಎಂ. ನೋಡೋಕೆ 400ರ ಹಾಗೆ ಕೆಲಸ ಮಾಡುತ್ತೆ. ಆ ಹುಡುಗ ರಂಗನತಿಟ್ಟಿನ ದೋಣಿಯಿಂದ ತೆಗೆದ ಬೆಳ್ಳಕ್ಕಿಯ ಚಿತ್ರದ ಮುಂದೆ ಕಾರಿನ ಬೆಲೆಯ ಲೆನ್ಸುಗಳೂ ಸುಮ್ಮನಾದವು. ಕಾರಣ ಎರಡು. ರಂಗನತಿಟ್ಟಿನಲ್ಲಿ ದೋಣಿ ಹಕ್ಕಿಗಳ ಸಮೀಪಕ್ಕೇ ಹೋಗುತ್ತೆ. 1940ರಲ್ಲಿ ಸಲೀಂ ಅಲಿಯವರ ಸಲಹೆಯಂತೆ ಮಹಾರಾಜರ ಸರ್ಕಾರ ಆ ನಡುಗಡ್ಡೆಗಳನ್ನು ಪಕ್ಷಿಧಾಮ ಮಾಡಿದಾಗಿನಿಂದ ಹಕ್ಕಿಗಳು ಅಲ್ಲಿ ದೋಣಿಗೆ ಒಗ್ಗಿಕೊಂಡಿವೆ. ಎರಡನೆಯದು, ಹುಡುಗ ಎಕ್ಸ್‌ಪೋಷರನ್ನು ಒಂದು ಸ್ಟಾಪು ಇಳಿಸಿದ್ದ. ಕ್ಯಾಮೆರಾಕ್ಕೆ ಜಗತ್ತೆಲ್ಲ ಬೂದು ಬಣ್ಣ ಆಗಬೇಕು. ಹಿಂದೆ ಕಪ್ಪು ಬಂಡೆ ಇದ್ದರೆ ಅದನ್ನು ಬೆಳಗಿಸೋಕೆ ಹೋಗಿ ಬೆಳ್ಳಕ್ಕಿಯನ್ನು ಸುಣ್ಣದ ಮುದ್ದೆ ಮಾಡಿಬಿಡುತ್ತೆ. ಇಳಿಸಿದ್ದರಿಂದ ಇವನ ಹಕ್ಕಿಯ ಒಂದೊಂದು ಗರಿಯೂ ಬಿಡಿಬಿಡಿಯಾಗಿ ಉಳಿದಿತ್ತು.

ಆ ಉಪಾಯ ಅವನಿಗೆ ಹೇಳಿಕೊಟ್ಟವರು ಬ್ಯಾಂಕಿನ ಸಾರ್. ಅವನಿಗೊಬ್ಬನಿಗೇ ಅಲ್ಲ, ನಮಗೆಲ್ಲ ಅರ್ಧ ವಿದ್ಯೆ ಬಂದಿದ್ದು ಅವರಿಂದಲೇ. ದೋಣಿ ಅಲುಗಾಡ್ತಿದ್ದರೆ ಶಟರ್ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ನಿಧಾನ ಬೇಡ, ಫೋಕಸ್ ಕಣ್ಣಿಗೇ ಹಿಡಿ, ಬೇಸಿಗೆಯಲ್ಲಿ ಹನ್ನೊಂದು ಗಂಟೆ ಮೇಲೆ ಕೆರೆಯ ಆಚೆ ದಡದ ಹಕ್ಕಿಗೆ ಆಸೆಪಡಬೇಡ, ನೀರಿನ ಮೇಲಿನ ಬಿಸಿಗಾಳಿ ಯಾವ ಲೆನ್ಸಿಗೂ ಬಗ್ಗಲ್ಲ: ಎಲ್ಲ ಅವರ ಪಾಠಗಳು. ತಮ್ಮ ದುಬಾರಿ ಲೆನ್ಸನ್ನು ಹುಡುಗನ ಕೈಗೆ ಕೊಟ್ಟು 'ಎರಡು ದಿನ ಇಟ್ಕೊಳಪ್ಪ' ಅನ್ನುವಷ್ಟು ಧಾರಾಳಿ. ಇದನ್ನು ಮೊದಲೇ ಹೇಳಬೇಕು. ಯಾಕೆಂದರೆ ಮುಂದಿನ ಮಾತು ಅವರದ್ದೇ.

ಒಂದು ಭಾನುವಾರ ಅವರ ನಾಲ್ಕನೆಯ ಚಿತ್ರ ಟೀವಿ ಮೇಲೆ ಬಂದಾಗ ಚುರುಮುರಿ ತಿನ್ನೋ ಸದ್ದು ನಿಂತೇ ಹೋಯಿತು. ಸೂರಕ್ಕಿಯ ಗೂಡು. ಜೇಡರ ಬಲೆಯ ನೂಲಿನಿಂದ ಹೆಣೆದು, ಬಾಗಿಲ ಮೇಲೆ ಪುಟ್ಟ ಸೂರು ಇಳಿಸಿ, ಕೊಂಬೆಗೆ ತೂಗುಹಾಕಿದ ಚೀಲದಂಥ ಗೂಡು. ಒಳಗಿಂದ ಎರಡು ಕೆಂಪು ಬಾಯಿ. ಹೊರಗೆ ರೆಕ್ಕೆ ಬಿಚ್ಚಿ ನಿಂತ ತಾಯಿ, ಅದರ ಕೊಕ್ಕಿನಲ್ಲಿ ಜೇಡ. ಬೆಳಗಿನ ಬಿಸಿಲು ನೇರವಾಗಿ ಬಿದ್ದು ಗೂಡಿನ ಒಂದೊಂದು ಎಳೆ ಹೊಳೀತಿತ್ತು. 'ಯಾವ ಲೆನ್ಸು ಸಾರ್?' ಅಂತ ಮೂರು ಕಡೆಯಿಂದ ಒಟ್ಟಿಗೇ ಕೇಳಿತು.

ಮೇಷ್ಟ್ರು ಮಾತ್ರ ಬೇರೆಯದೇ ಕೇಳಿದರು. "ಸಾರ್, ಇಷ್ಟು ಬಿಸಿಲಲ್ಲಿ ಇದು ಗೂಡು ಕಟ್ಟಿತಾ? ಮುಂದೆ ಎಲೆ ಇರಲಿಲ್ವಾ?"

ಬ್ಯಾಂಕಿನ ಸಾರ್ ಮುಚ್ಚಿಡುವ ಮನುಷ್ಯರಲ್ಲ. "ಇತ್ತು ಮೇಷ್ಟ್ರೇ. ಎರಡು ಕೊಂಬೆ ದಾರ ಹಾಕಿ ಪಕ್ಕಕ್ಕೆ ಕಟ್ಟಿದೆ. ಕತ್ತರಿಸಲಿಲ್ಲ, ನೋಡಿ. ತೆಗೆದಾದ ಮೇಲೆ ಬಿಚ್ಚಿದೆ."

"ಎಷ್ಟು ದಿನ?"

"ಮೂರು ಬೆಳಗ್ಗೆ."

"ಮರಿ ಹಾರಿದವಾ?"

ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಹೇಳಿದರು. ನಾಲ್ಕನೆಯ ದಿನ ಹೋದಾಗ ಗೂಡು ಹರಿದು ಜೋತಾಡ್ತಿತ್ತು. ಕೆಂಬೂತ ಇರಬೇಕು, ಆ ಕಾಂಪೌಂಡಿನಲ್ಲಿ ಓಡಾಡ್ತಿರುತ್ತೆ.

ಅಲ್ಲಿಂದ ಶುರುವಾಯಿತು. ಮೇಡಂ ಸಿಟ್ಟಿನಿಂದ, ಆ ಎಲೆಗಳು ಇದ್ದಿದ್ದೇ ಕೆಂಬೂತದ ಕಣ್ಣಿಗೆ ಬೀಳದಿರಲಿ ಅಂತ, ಎಂದರು. ಮೆಡಿಕಲ್ ಸ್ಟೋರಿನವರು ಸಾರ್ ಪರ ನಿಂತರು. ಕೆಂಬೂತಕ್ಕೆ ಗೂಡು ಹುಡುಕೋದು ನಾವು ಹೇಳಿಕೊಡಬೇಕಾ? ಎಲೆ ಇದ್ದರೂ ತಿಂತಿತ್ತು, ಪ್ರಕೃತಿ ಇರೋದೇ ಹಾಗೆ ಅಂದರು. ಇಬ್ಬರ ಮಾತೂ ಸುಳ್ಳಲ್ಲ. ಆ ಗೂಡು ನಮ್ಮ ಸಾರ್ ಹೋಗದಿದ್ದರೂ ಉಳೀತಿತ್ತು ಅಂತ ಪ್ರಮಾಣ ಮಾಡೋಕೆ ಯಾರಿಂದಲೂ ಆಗಲ್ಲ. ಆದರೆ ನನಗನ್ನಿಸಿದ್ದು ಇಷ್ಟು: ಹಕ್ಕಿಗಿದ್ದ ಒಂದು ಬಾಗಿಲನ್ನು ನಾವು ತೆಗೆದಿಟ್ಟಿದ್ದೆವು. ಕಳ್ಳ ಹೇಗೂ ಬರ್ತಿದ್ದ ಅನ್ನೋದು ಅದಕ್ಕೆ ಉತ್ತರ ಅಲ್ಲ. ನಾನು ಅದನ್ನೇ ಹೇಳಿದೆ. ಸಾರ್ ಪೆನ್‌ಡ್ರೈವ್ ಕಿತ್ತು ಜೇಬಿಗಿಟ್ಟುಕೊಂಡು, ಐದನೆಯ ಚಿತ್ರ ತೋರಿಸದೆ ಮೆಟ್ಟಿಲಿಳಿದು ಹೋದರು. ಮುಂದಿನ ಎರಡು ತಿಂಗಳು ಅವರು ಬರಲಿಲ್ಲ.

ಅವರ ಬಗ್ಗೆ ನ್ಯಾಯವಾಗಿ ಹೇಳಬೇಕು ಅಂದರೆ, ಗೂಡಿನ ಚಿತ್ರ ಅನ್ನೋದು ಅವರು ಕಂಡುಹಿಡಿದದ್ದಲ್ಲ. ಹಕ್ಕಿ ಫೋಟೋಗ್ರಫಿ ಹುಟ್ಟಿದ್ದೇ ಗೂಡಿನ ಬಾಗಿಲಲ್ಲಿ. ಇಂಗ್ಲೆಂಡಿನ ಕಿಯರ್ಟನ್ ಸೋದರರು 1895ರಲ್ಲಿ ಹೊರತಂದ ಪುಸ್ತಕದ ವಿಷಯವೇ ಹಕ್ಕಿಗೂಡುಗಳು. ಹಕ್ಕಿಗೆ ಗೊತ್ತಾಗದಿರಲಿ ಅಂತ ಅವರು ಟೊಳ್ಳು ಮಾಡಿದ ಎತ್ತಿನ ಚರ್ಮದೊಳಗೆ ಕ್ಯಾಮೆರಾ ಇಟ್ಟುಕೊಂಡು ನಿಲ್ಲುತ್ತಿದ್ದರು. ಅದೇ ದೇಶದ ಎರಿಕ್ ಹಾಸ್ಕಿಂಗ್ 1937ರಲ್ಲಿ ಗೂಬೆಯ ಗೂಡಿನ ಹತ್ತಿರ ಹೋಗಿ, ಗೂಬೆ ಎರಗಿದ್ದರಿಂದ ಒಂದು ಕಣ್ಣನ್ನೇ ಕಳಕೊಂಡರು. ಆಮೇಲೂ ಹಕ್ಕಿಗಳನ್ನು ಬಿಡಲಿಲ್ಲ. ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ. ಫಿಲ್ಮು ನಿಧಾನ, ಲೆನ್ಸು ಗಿಡ್ಡ, ಫೋಕಸ್ ಕೈಯಲ್ಲೇ ಮಾಡಬೇಕು. ಹಕ್ಕಿ ಮತ್ತೆ ಮತ್ತೆ ಬಂದು ಒಂದೇ ಕಡೆ ಕೂರೋದು ಗೂಡಿನಲ್ಲಿ ಮಾತ್ರ. ನಮ್ಮಲ್ಲೂ ಫಿಲ್ಮ್ ಕಾಲದ ದೊಡ್ಡವರು ಮರೆ ಕಟ್ಟಿಕೊಂಡು ದಿನಗಟ್ಟಲೆ ಕೂತು ಗೂಡಿನ ಚಿತ್ರ ತೆಗೆದವರೇ. ಬ್ಯಾಂಕಿನ ಸಾರ್ ವಿದ್ಯೆ ಕಲಿತಿದ್ದು ಅಂಥ ಚಿತ್ರಗಳನ್ನು ನೋಡಿ.

ಈಗ ಹಾಗಲ್ಲ. ಐಎಸ್‌ಓ 1600, 3200ರಲ್ಲೂ ಗರಿ ಎಣಿಸಬಹುದಾದ ಕ್ಯಾಮೆರಾಗಳು ಬಂದಿವೆ. ಫೋಕಸ್ ತಾನೇ ಹಿಡಿಯುತ್ತೆ. ಹಾರುವ ಹಕ್ಕಿ, ಜಗಳಾಡುವ ಹಕ್ಕಿ, ಮಳೆಯಲ್ಲಿ ನೆನೆಯುವ ಹಕ್ಕಿ ಎಲ್ಲವೂ ಕೈಗೆಟುಕಿರುವಾಗ ಗೂಡಿಗೇ ಹೋಗಬೇಕಾದ ದರ್ದು ಏನು? ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅನ್ನೋ ಪದದ ಅರ್ಥ ಓದಿ. ಗುಂಡು ಹೊಡೆಯೋದು, ಉರುಲು ಹಾಕೋದರ ಜೊತೆಗೆ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ಅಡಚಣೆ ಮಾಡೋದೂ ಅದರೊಳಗೇ ಸೇರಿದೆ. ಮೇಡಂ ಅದನ್ನು ಓದಿ ಹೇಳಿದಾಗ ಮಹಡಿ ಮೇಲೆ ಯಾರೂ ಉಸಿರೆತ್ತಲಿಲ್ಲ. ಕೋವಿ ಹಿಡಿದವರು ಬೇರೆ, ಕ್ಯಾಮೆರಾ ಹಿಡಿದ ನಾವು ಬೇರೆ ಅಂತಲೇ ಇದ್ದೆವಲ್ಲ.

ಆವತ್ತೇ ಒಂದು ನಿಯಮ ಮಾಡಿದೆವು: ಗೂಡಿನ ಚಿತ್ರ ತರುವಂತಿಲ್ಲ.

ಮೂರನೆಯ ತಿಂಗಳು ಬ್ಯಾಂಕಿನ ಸಾರ್ ಬಂದರು. ನಮ್ಮ ಕಟ್ಟುಪಾಡು ಅವರ ಕಿವಿಗೆ ಬಿದ್ದಿತ್ತು. ಕೂರುವ ಮೊದಲೇ, "ಸರಿ, ಕೊಕ್ಕರೆ ಬೆಳ್ಳೂರಿಗೆ ಹೋದಾಗ ಏನ್ಮಾಡ್ತೀರಿ? ಕಣ್ಣು ಮುಚ್ಕೋತೀರಾ?" ಅಂದರು.

ಪ್ರಶ್ನೆ ಸರಿಯಾಗಿಯೇ ತಾಗಿತು. ಮದ್ದೂರು ತಾಲ್ಲೂಕಿನ ಆ ಊರಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆ ಹಿತ್ತಲ ಹುಣಸೆ ಮರದ ಮೇಲೇ ಗೂಡು ಕಟ್ಟುತ್ತವೆ. ಕೆಳಗೆ ಎಮ್ಮೆ ಕಟ್ಟಿರುತ್ತಾರೆ, ಹೆಂಗಸರು ಪಾತ್ರೆ ಬೆಳಗುತ್ತಿರುತ್ತಾರೆ, ಹುಡುಗರು ಗೋಲಿ ಆಡುತ್ತಿರುತ್ತಾರೆ. ಊರಿನವರು ಆ ಹಕ್ಕಿಗಳನ್ನು ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅಂತ ನೋಡಿಕೊಳ್ಳುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ದೊಡ್ಡದು ಮಾಡುವ ಹೆಜ್ಜಾರ್ಲೆ ಬಳಗ ಅಂತಲೇ ಅಲ್ಲಿದೆ. ರಸ್ತೆಯಲ್ಲಿ ನಿಂತು ತಲೆ ಎತ್ತಿದರೆ ಗೂಡೇ ಕಾಣೋದು. ಅಲ್ಲಿ ರಸ್ತೆಯಿಂದ ತೆಗೆದ ಒಂದು ಚಿತ್ರದಿಂದ ಹಕ್ಕಿಗೆ ಏನೂ ಆಗಲ್ಲ. ಹಾಗೇ ನೋಡಿದರೆ ರಂಗನತಿಟ್ಟಿನ ಅರ್ಧ ಚಿತ್ರಗಳೂ ಗೂಡಿನವೇ.

ಇನ್ನೊಂದು ಕಡೆ ಟಿಟ್ಟಿಭ ನೋಡಿ. ಅದಕ್ಕೆ ಗೂಡೇ ಇಲ್ಲ, ಬಯಲಿನ ಕಲ್ಲುಗಳ ನಡುವೆ ಮೊಟ್ಟೆ ಇಡುತ್ತೆ. ಏಪ್ರಿಲ್ ಬಿಸಿಲಲ್ಲಿ ಅದು ಮೊಟ್ಟೆ ಮೇಲೆ ನಿಂತು ನೆರಳು ಕೊಡುತ್ತೆ, ಹೊಟ್ಟೆಯ ಗರಿಯನ್ನು ನೀರಲ್ಲಿ ಅದ್ದಿಕೊಂಡು ಬಂದು ತಂಪು ಮಾಡುತ್ತೆ. ನೀವು ಐವತ್ತು ಅಡಿ ದೂರದಲ್ಲೇ ನಿಂತಿರಬಹುದು. ಅದು ಕಿರುಚಿಕೊಂಡು ಎದ್ದಿದೆ ಅಂದರೆ ಅಷ್ಟೂ ಹೊತ್ತು ಮೊಟ್ಟೆ ಬಿಸಿಲಲ್ಲಿ ಬೇಯುತ್ತಿರುತ್ತೆ. ಚಿತ್ರದಲ್ಲಿ ಗೂಡೂ ಇಲ್ಲ, ಮೊಟ್ಟೆಯೂ ಇಲ್ಲ, ನೀಲಿ ಆಕಾಶದಲ್ಲಿ ಹಾರುವ ಟಿಟ್ಟಿಭ ಮಾತ್ರ. ನಮ್ಮ ನಿಯಮಕ್ಕೆ ಆ ಚಿತ್ರ ಪಾಸು, ಬೆಳ್ಳೂರಿನ ಚಿತ್ರ ಫೇಲು!

ಹಾಗಾಗಿ ನಿಯಮ ಬದಲಾಯಿತು. ಬದಲಾಯಿಸಿದ ಯಶಸ್ಸು ಬ್ಯಾಂಕಿನ ಸಾರ್‌ಗೇ ಸಲ್ಲಬೇಕು. ನಾವು ಪ್ರತಿ ಚಿತ್ರದ ಜೊತೆ ಒಂದು ಚೀಟಿ ಕೊಡೋ ಪದ್ಧತಿ ಮೊದಲಿನಿಂದ ಇತ್ತು: ಕ್ಯಾಮೆರಾ, ಲೆನ್ಸು, ಶಟರ್, ಅಪರ್ಚರ್, ಐಎಸ್‌ಓ. ಈಗ ಇನ್ನೆರಡು ಸಾಲು ಸೇರಿದವು. ಎಷ್ಟು ದೂರದಿಂದ ತೆಗೆದಿರಿ? ನೀವು ಹೊರಟಾಗ ಹಕ್ಕಿ ಏನು ಮಾಡ್ತಿತ್ತು? ಇದೂ ತಾಂತ್ರಿಕ ವಿವರವೇ, ನೋಡಿ. ಕ್ಯಾಮೆರಾ ತನ್ನಷ್ಟಕ್ಕೆ ಬರೆದಿಡದ ವಿವರ. 'ನಾ ಬಂದಾಗ ಹೇಗೆ ಮೇಯುತ್ತಿತ್ತೋ ಹೋಗುವಾಗಲೂ ಹಾಗೇ ಮೇಯುತ್ತಿತ್ತು' ಅಂತ ಬರೆಯೋಕೆ ಆದರೆ ಆ ಚಿತ್ರ ನ್ಯಾಯವಾಗಿ ನಿಮ್ಮದು. ಅದನ್ನು ಬರೆಯಬೇಕು ಅಂದರೆ ಹೊರಡುವಾಗ ಒಮ್ಮೆ ತಿರುಗಿ ನೋಡಲೇಬೇಕಾಗುತ್ತೆ. ಚಿತ್ರ ಸಿಕ್ಕ ಮೇಲೆ ಸ್ಕ್ರೀನಲ್ಲಿ ಮುಖ ಹುದುಗಿಸಿಕೊಂಡು ನಡೆಯುವ ಅಭ್ಯಾಸ ನಮಗೆಲ್ಲ ಇತ್ತು.

ಇನ್ನೂ ಬಗೆಹರಿಯದೆ ಉಳಿದಿರೋದು ಜಾಗದ ಪ್ರಶ್ನೆ. ಗೂಬೆ ಕೂರುವ ಮರ ಯಾವುದು ಅಂತ ಒಬ್ಬರಿಗೆ ಹೇಳಿದರೆ ಮುಂದಿನ ವಾರ ಆ ಮರದ ಕೆಳಗೆ ಹತ್ತು ಟ್ರೈಪಾಡು ಇರುತ್ತೆ. ಮೊಬೈಲಲ್ಲಿ ತೆಗೆದ ಚಿತ್ರದೊಳಗೆ ಅಕ್ಷಾಂಶ ರೇಖಾಂಶ ತಾನಾಗೇ ಸೇರಿರಬಹುದು. ಅಳಿಸದೆ ಕಳಿಸಿದರೆ ವಿಳಾಸವನ್ನೇ ಕೊಟ್ಟ ಹಾಗೆ. ಹಾಗಂತ ಯಾರಿಗೂ ಹೇಳಲ್ಲ ಅಂತ ಕೂತರೆ ಹೊಸ ಹುಡುಗರು ಕಲಿಯೋದು ಹೇಗೆ ಅಂತ ಮೆಡಿಕಲ್ ಸ್ಟೋರಿನವರು ಕೇಳುತ್ತಾರೆ. ಕೆರೆಯ ಹೆಸರು ಹೇಳೋದು, ಮರದ ಗುರುತು ಹೇಳದಿರೋದು, ಇಲ್ಲಿಗೆ ಸದ್ಯ ನಿಲ್ಲಿಸಿದ್ದೇವೆ.

ಹೋದ ತಿಂಗಳು ಡಿಪ್ಲೊಮಾ ಹುಡುಗ ನಾಲ್ಕೇ ಚಿತ್ರ ತಂದಿದ್ದ. ಐದನೆಯದಕ್ಕೆ ಬರೀ ಚೀಟಿ. 'ಲಿಂಗಾಂಬುಧಿ ಕೆರೆ ಹತ್ತಿರದ ಬಯಲು. ಟಿಟ್ಟಿಭ. ದೂರ ಸುಮಾರು ನಲವತ್ತು ಹೆಜ್ಜೆ. ಎದ್ದಿತು. ವಾಪಸ್ ಬಂದೆ.' ಬ್ಯಾಂಕಿನ ಸಾರ್ ಆ ಚೀಟಿಯನ್ನು ಎರಡು ಸಲ ಓದಿ, "ಮುಂದಿನ ಸಲ ಹೋಗುವಾಗ ನನ್ನ ಉದ್ದದ ಲೆನ್ಸು ತಗೊಂಡು ಹೋಗು. ಎಂಬತ್ತು ಹೆಜ್ಜೆಯಿಂದ ಬರುತ್ತೆ" ಅಂದರು. ಮೇಷ್ಟ್ರು ಮುಂದಿನವರ ಪೆನ್‌ಡ್ರೈವ್ ಹಾಕಿ ಅಂದರು.