ಖಾಲಿ ಗುಂಡಿಗಳು

ಪುಣೆಯ ಬಾಡಿಗೆ ಮನೆಯಲ್ಲಿ ಕೂತು ಅವನು ಬರೆದ ಮೊದಲ ಕನ್ನಡ ಸಾಫ್ಟ್‌ವೇರ್‌ಗೆ ಒಬ್ಬರೇ ಬಳಕೆದಾರರು: ಧಾರವಾಡದ ಮೌಶಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಅಂಗಡಿಗಳಿಗೆ ಹಾಕುವ ಮೌಶಿ 30 ವರ್ಷದ ಲೆಕ್ಕವನ್ನು ಉದ್ದ ನೋಟುಬುಕ್ಕುಗಳಲ್ಲಿ ಬರೆದಿಟ್ಟವರು. ಕಣ್ಣು ಮಂಜಾಗತೊಡಗಿದ ಮೇಲೆ, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದೆಂಬ ಆಸೆಗೆ, ತಂಗಿಯ ಮಗನ ಹಳೆಯ ಲ್ಯಾಪ್‌ಟಾಪನ್ನು ಒಪ್ಪಿಕೊಂಡರು.

ಅವನು ಕೆಲಸ ಮಾಡುವುದು ಲಿನಕ್ಸ್‌ನಲ್ಲಿ, ಮೌಶಿಯ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ವಿಂಡೋಸ್. ಎರಡರಲ್ಲೂ ಓಡಲಿ ಎಂದು ಕ್ಯೂಟಿ 5ರಲ್ಲಿ ಬರೆದ. ಗುಂಡಿಗಳಿಗೆ ಏನೆಂದು ಹೆಸರಿಡುವುದು ಎಂಬಲ್ಲಿ ಮಾತ್ರ ಎರಡು ಸಂಜೆ ಕಳೆದವು. 'ಸೇವ್'ಗೆ ಕನ್ನಡವೇನು, 'ಅನ್‌ಡೂ'ಗೇನು? ಕೊನೆಗೆ ಪದಗಳ ಸಹವಾಸವೇ ಬೇಡವೆಂದು ಬರೀ ಐಕಾನ್ ಇಟ್ಟ. ಚಿತ್ರಕ್ಕೆ ಭಾಷೆ ಬೇಕಿಲ್ಲವಲ್ಲ!

ನಾಲ್ಕನೆಯ ದಿನ ಫೋನು ಬಂತು. "ಮೂರು ದಿನದ ಲೆಕ್ಕ ಎಲ್ಲಿ ಹೋತೋ ತಮ್ಮಾ?"

ವಿಡಿಯೊ ಕರೆಯಲ್ಲಿ ಪರದೆ ನೋಡಿ ಅವನ ಎದೆ ಧಸಕ್ಕೆಂದಿತು. ಸಾಲಾಗಿ ಐದು ಬೂದು ಗುಂಡಿ, ಒಂದರ ಮೇಲೂ ಏನೂ ಇಲ್ಲ. ಯಾವುದನ್ನು ಒತ್ತಬೇಕೆಂದು ತಿಳಿಯದೆ ಮೌಶಿ ದಿನವಿಡೀ ತೆರೆದೇ ಇಟ್ಟಿದ್ದರು. ಮೂರನೆಯ ರಾತ್ರಿ ಮುಚ್ಚಿದರು. 'ಉಳಿಸಬೇಕೇ?' ಎಂದು ಕೇಳುವ ಕಿಟಕಿಯನ್ನೂ ಅವನು ಬರೆದಿರಲಿಲ್ಲ. ಹೋದದ್ದರಲ್ಲಿ ಅಂಗಡಿಯವನೊಬ್ಬನ ದೊಡ್ಡ ಉದ್ರಿಯಿತ್ತು. ನೀವು ಎಷ್ಟು ಕೊಡಬೇಕು ಎಂದು ಬಾಕಿದಾರನನ್ನೇ ಕೇಳುವ ಗತಿ ಮೌಶಿಗೆ 30 ವರ್ಷದಲ್ಲಿ ಬಂದಿರಲಿಲ್ಲ.

ಕಾರಣ ಸಣ್ಣದು. ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಐಕಾನ್ ಎಂದರೆ ಮೊದಲಿಗೆ ಒಂದು ಹೆಸರು. ಪ್ರೋಗ್ರಾಮು 'ಡಾಕ್ಯುಮೆಂಟ್-ಸೇವ್' ಎಂದು ಕೇಳುತ್ತದೆ. ಆ ಹೆಸರಿಗೆ ಯಾವ ಚಿತ್ರ ಎಂಬುದು ಅಲ್ಲಿನ ಥೀಮ್‌ಗೆ ಬಿಟ್ಟದ್ದು. ಥೀಮ್ ಬದಲಾದರೆ ಚಿತ್ರ ಬದಲು, ಹೆಸರು ಅದೇ. ವಿಂಡೋಸ್‌ನಲ್ಲಿ ಅಂಥ ಥೀಮ್ ಇಲ್ಲ. ಹೆಸರು ಹಿಡಿದು ಕೂಗಿದರೆ ಓಗೊಡುವವರಿಲ್ಲ. ಕ್ಯೂಟಿ 5 ತಪ್ಪೆಂದು ಹೇಳುವುದೂ ಇಲ್ಲ. ಖಾಲಿ ಐಕಾನ್ ಕೊಟ್ಟು ಸುಮ್ಮನಾಗುತ್ತದೆ. ಭಾಷೆಯಿಂದ ತಪ್ಪಿಸಿಕೊಂಡೆ ಎಂದುಕೊಂಡವನು ಇನ್ನೊಂದು ಭಾಷೆಯೊಳಗೆ ಬಿದ್ದಿದ್ದ.

ಚಿತ್ರಗಳನ್ನು ಪ್ರೋಗ್ರಾಮಿನೊಳಗೇ ತುಂಬಿ, ಥೀಮ್ ಸಿಗದಿದ್ದರೆ ಇವನ್ನು ತೋರಿಸು ಎಂದು ಬರೆದ. ಮುಚ್ಚುವ ಮೊದಲು ಕೇಳುವ ಕಿಟಕಿಯನ್ನೂ ಸೇರಿಸಿದ. ಡೆಸ್ಕ್‌ಟಾಪ್ ಮೇಲಿನ ಗುರುತಿಗೆ 16ರಿಂದ 256 ಪಿಕ್ಸೆಲ್‌ವರೆಗಿನ ಅಳತೆಗಳನ್ನು ಒಂದೇ ಫೈಲಿನಲ್ಲಿಟ್ಟ. ದೊಡ್ಡ ರೊಟ್ಟಿಯನ್ನು 16ಕ್ಕೆ ಕುಗ್ಗಿಸಿದರೆ ಬರೀ ಕಲೆಯಂತೆ ಕಂಡಿತು; ಅದನ್ನು ಬೇರೆಯಾಗಿಯೇ ಬಿಡಿಸಬೇಕಾಯಿತು.

ಹೊಸದನ್ನು ನೋಡಿ ಮೌಶಿ ಕೇಳಿದರು: "ಇದೇನೋ, ಕರೆಂಟ್ ಮೀಟರ್ ಏನು?"

ಅದು ಫ್ಲಾಪಿ. 1.44 ಎಂಬಿ ಹಿಡಿಯುತ್ತಿದ್ದ ಆ ಚೌಕವನ್ನು ಮೌಶಿ ಕೈಯಲ್ಲಿ ಹಿಡಿದವರಲ್ಲ. ಅವನಿಗಾದರೂ ಅದರ ಪರಿಚಯ ಶಾಲೆಯ ಕಂಪ್ಯೂಟರ್ ಕೋಣೆಯದ್ದಷ್ಟೇ. ಚಿತ್ರಕ್ಕೂ ಊರಿದೆ, ಕಾಲವಿದೆ ಎಂದು ಅವನಿಗೆ ಆಗ ಹೊಳೆಯಿತು. ಜರ್ಮನ್ನರ ಲಿಬ್ರೆ ಆಫೀಸಿನಲ್ಲಿ ದಪ್ಪಕ್ಷರದ ಗುಂಡಿಯ ಮೇಲೆ 'ಬಿ' ಇಲ್ಲ, 'ಫೆಟ್' ಎಂಬ ಪದದ 'ಎಫ್' ಇದೆ. ಉರ್ದುವಿನಂತೆ ಬಲದಿಂದ ಓದುವವರಿಗೆ 'ಮುಂದೆ' ಎನ್ನುವ ಬಾಣ ಎಡಕ್ಕೆ ತಿರುಗಬೇಕು.

ಫ್ಲಾಪಿಯ ಕೆಳಗೆ 'ಉಳಿಸು' ಎಂದು ಬರೆದು ಕಳಿಸಿದ. ಕಂಪ್ಯೂಟರ್ ಕನ್ನಡದಲ್ಲಿ ರೂಢಿಯಾದ ಪದವೇ.

"ಉಳಸೂದು ಅಂದ್ರ ರೊಕ್ಕ ಉಳಸೂದಲ್ಲೇನೋ? ಈ ತಿಂಗಳ ನನಗೇನೂ ಉಳದಿಲ್ಲ," ಎಂದು ಮೌಶಿ ನಕ್ಕರು. ಲೆಕ್ಕದ ಪುಸ್ತಕದಲ್ಲಿ ಉಳಿಕೆ ಎಂದರೆ ಖರ್ಚು ಕಳೆದು ಮಿಕ್ಕಿದ್ದು. ಅಂಥ ಕಡೆ ಆ ಗುಂಡಿಯನ್ನು ಒತ್ತಲು ಅವರು ಹೆದರಿದ್ದರಲ್ಲಿ ತಪ್ಪೇನೂ ಇರಲಿಲ್ಲ.

"ಮತ್ತ ಏನಂತ ಹಾಕಲಿ ಮೌಶಿ?"

"ಬರದಿಡು ಅಂತ ಹಾಕು. ನಾ ಇಷ್ಟು ದಿನ ಮಾಡಿದ್ದು ಅದನ್ನs ಅಲ್ಲೇನು?"

ಎರಡು ಸಂಜೆ ಹುಡುಕಿ ಅವನು ಕೈಬಿಟ್ಟಿದ್ದ ಪದ ಮೌಶಿಯ ಬಾಯಲ್ಲಿ ಮೊದಲಿಂದಲೂ ಇತ್ತು. ಅವನು ಕೇಳಿರಲಿಲ್ಲ, ಅಷ್ಟೇ. ಉಳಿದ ನಾಲ್ಕು ಗುಂಡಿಗಳ ಹೆಸರನ್ನೂ ಅಂದೇ ಫೋನಿನಲ್ಲಿ ಕೇಳಿ ಬರೆದುಕೊಂಡ.

ಫ್ಲಾಪಿ ಈಗಲೂ ಅಲ್ಲೇ ಇದೆ, ಅದರ ಕೆಳಗೆ ದಪ್ಪಕ್ಷರದಲ್ಲಿ 'ಬರೆದಿಡು'. ದಿನಾ ರಾತ್ರಿ ಮೌಶಿ ಅದನ್ನು ಒತ್ತುತ್ತಾರೆ. ಆಮೇಲೆ, ಇರಲಿ ಎಂದು, ಉದ್ರಿಯನ್ನಷ್ಟೇ ನೋಟುಬುಕ್ಕಿನಲ್ಲೂ ಬರೆದಿಡುತ್ತಾರೆ.