ಬೋರೆಗಾಸ್ ರಸ್ತೆಯ ಗುಜರಿ ಬೇಟೆ

ಮಗಳ ಬಾಣಂತನಕ್ಕೋ ಆಫೀಸಿನ ಕೆಲಸಕ್ಕೋ ಕ್ಯಾಲಿಫೋರ್ನಿಯಾದ ಸನ್ನಿವೇಲಿಗೆ ಹೋಗಿಬಂದವರು ನಮ್ಮ ಪುಣೆ ಕನ್ನಡಿಗರಲ್ಲೇ ಬೇಕಾದಷ್ಟು ಜನ ಸಿಗುತ್ತಾರೆ. ಹೋದವರಲ್ಲಿ ಹೆಚ್ಚಿನವರು ಪರ್ಷಿಯನ್ ಡ್ರೈವಿನ ಹಿಂದೂ ದೇವಸ್ಥಾನ ನೋಡಿರುತ್ತಾರೆ. ಅದರ ಹತ್ತಿರವೇ 237ನೇ ಹೆದ್ದಾರಿ. ಹೆದ್ದಾರಿ ದಾಟಿದರೆ ಬೋರೆಗಾಸ್ ಅವೆನ್ಯೂ. ಅಲ್ಲಿ ಒಂದು ಕಾಲಕ್ಕೆ ಅಟಾರಿ ಕಂಪನಿ ಇತ್ತು. ಆಫೀಸಿನವರು ಕಳಿಸಿದ್ದ ಆರು ವಾರಗಳಲ್ಲಿ ಒಂದು ಭಾನುವಾರ ಆ ರಸ್ತೆಯಲ್ಲಿ ನಡೆದೆ. ನೋಡುವುದಕ್ಕೆ ಏನೂ ಇಲ್ಲ. ಆಫೀಸು ಕಟ್ಟಡಗಳು, ಕತ್ತರಿಸಿದ ಹುಲ್ಲು, ರಜೆಯ ದಿನದ ಖಾಲಿ ಪಾರ್ಕಿಂಗ್.

ಆದರೆ ಹಳೆಯ ವಿಡಿಯೋ ಗೇಮ್ ಹುಡುಕುವ ಒಂದು ಜಾತಿಯ ಜನಕ್ಕೆ ಇದು ಪುಣ್ಯಕ್ಷೇತ್ರ. ಅಂಗಡಿಯಲ್ಲಿ ಮಾರಾಟವಾದ ಆಟ ಇವರಿಗೆ ಸಾಲದು, ಅಂಗಡಿಗೆ ಬಾರದೇ ಹೋದ ಆಟ ಬೇಕು. ಆಟ ತಯಾರಾಗುತ್ತಿರುವಾಗ ಪರೀಕ್ಷೆಗೆಂದು ನಾಲ್ಕಾರು ಪ್ರತಿ ಮಾಡಿಕೊಳ್ಳುತ್ತಾರಲ್ಲ, ಅದೇ ಪ್ರೊಟೊಟೈಪ್. 1983ರಲ್ಲಿ ಅಮೆರಿಕದ ಗೇಮ್ ಮಾರುಕಟ್ಟೆ ಕುಸಿಯಿತು, ಮರುವರ್ಷ ಅಟಾರಿಯ ಮನೆಬಳಕೆಯ ಗೇಮ್ ಮತ್ತು ಕಂಪ್ಯೂಟರ್ ವಿಭಾಗ ಜ್ಯಾಕ್ ಟ್ರಾಮಿಯೆಲ್ ಕೈಗೆ ಹೋಯಿತು. ಅರ್ಧ ಮುಗಿದವು, ಪೂರ್ತಿ ಮುಗಿದೂ ಬಿಡುಗಡೆ ಕಾಣದವು, ಎಷ್ಟೋ ಆಟಗಳು ಡ್ರಾಯರಿನಲ್ಲೇ ಉಳಿದವು. ಕೆಲವು ಕೆಲಸ ಕಳೆದುಕೊಂಡವರ ಜೊತೆ ಅವರವರ ಗ್ಯಾರೇಜಿಗೆ ಹೋದವು. 1996ರಲ್ಲಿ ಅಟಾರಿ, ಹಾರ್ಡ್ ಡಿಸ್ಕ್ ಮಾಡುತ್ತಿದ್ದ ಜೆಟಿಎಸ್ ಎಂಬ ಕಂಪನಿಯಲ್ಲಿ ವಿಲೀನವಾದಾಗ ಇಲ್ಲಿನ ಕಚೇರಿ ಖಾಲಿಯಾಯಿತು. ಹೊರಗೆ ಎಸೆದ ಡಿಸ್ಕುಗಳನ್ನು ಕಸದ ತೊಟ್ಟಿಗೆ ಇಳಿದು ಆರಿಸಿಕೊಂಡವರಿದ್ದಾರೆ. ಅಟಾರಿ 7800ರ ಹಲವು ಆಟಗಳ ಮೂಲ ಕೋಡ್ ಇವತ್ತು ಉಳಿದಿರುವುದು ಅವರು ಕೈ ಕೊಳೆ ಮಾಡಿಕೊಂಡದ್ದರಿಂದ.

ಬೇಟೆಯ ಇನ್ನೊಂದು ಜಾಗ ಪಕ್ಕದ ಕ್ಯುಪರ್ಟಿನೋ. ಅಲ್ಲಿನ ಡಿ ಆಂಜಾ ಕಾಲೇಜಿನ ಪಾರ್ಕಿಂಗಿನಲ್ಲಿ ಬಹಳ ವರ್ಷ ತಿಂಗಳ ಎರಡನೇ ಶನಿವಾರ ಎಲೆಕ್ಟ್ರಾನಿಕ್ಸ್ ಸಂತೆ ನಡೆಯುತ್ತಿತ್ತು. ಬೆಳಕು ಹರಿಯುವ ಮೊದಲೇ ಟಾರ್ಚ್ ಹಿಡಿದು ಬರುತ್ತಿದ್ದರಂತೆ. ನಮ್ಮ ಜುನಾ ಬಜಾರಿನಲ್ಲಿ ಬೆಳಿಗ್ಗೆಯೇ ಹೋಗಿ ಒಳ್ಳೆಯ ಮಾಲು ಎತ್ತುವವರ ಹಾಗೆ. ಸನ್ನಿವೇಲಿನಲ್ಲೇ ಇದ್ದ ವಿಯರ್ಡ್‌ಸ್ಟಫ್ ಎಂಬ ದೊಡ್ಡ ಗುಜರಿ ಮಳಿಗೆ 2018ರಲ್ಲಿ ಬಾಗಿಲು ಹಾಕಿತು.

ಅವಸರಕ್ಕೆ ಕಾರಣ ಆಸೆಯೊಂದೇ ಅಲ್ಲ. ಅಂಗಡಿಯ ಕಾರ್ಟ್ರಿಜ್‌ನಲ್ಲಿರುವ ಚಿಪ್ಪಿಗೆ ಆಟವನ್ನು ಕಾರ್ಖಾನೆಯಲ್ಲೇ ಅಚ್ಚು ಹಾಕಿರುತ್ತಾರೆ, ಅದು ಅಳಿಯುವುದಿಲ್ಲ. ಪ್ರೊಟೊಟೈಪಿನಲ್ಲಿ ಸಾಮಾನ್ಯವಾಗಿ ಇರುವುದು ಇಪಿರಾಮ್. ಅದರ ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿ. ಅದರೊಳಗೆ ಅತಿನೇರಳೆ ಬೆಳಕು ಬಿಟ್ಟರೆ ಸುಮಾರು ಇಪ್ಪತ್ತು ನಿಮಿಷದಲ್ಲಿ ಎಲ್ಲ ಅಳಿಸಿ ಮತ್ತೆ ಬರೆಯಬಹುದು. ಅದಕ್ಕೇ ಕಿಟಕಿಗೆ ಒಂದು ಚೀಟಿ ಅಂಟಿಸಿ, ಅದರ ಮೇಲೆ ಪೆನ್ನಿನಲ್ಲಿ ಆಟದ ಹೆಸರು, ತಾರೀಕು ಬರೆದಿಡುತ್ತಿದ್ದರು. ಬೆಳಕು ತಾಗದಿದ್ದರೂ ಒಳಗಿನ ವಿದ್ಯುದಂಶ ವರ್ಷದಿಂದ ವರ್ಷಕ್ಕೆ ಸೋರುತ್ತದೆ. ನಲವತ್ತು ವರ್ಷದ ಚಿಪ್ಪು ನಮ್ಮ ಮನೆಯ ಹಿರಿಯರ ಹಾಗೆ, ಒಂದು ದಿನ ಒಂದು ಹೆಸರು ಮರೆಯುತ್ತದೆ. ಅಟಾರಿ 2600ರ ಒಂದು ಮಾಮೂಲು ಆಟ 4,096 ಬೈಟ್ ಅಷ್ಟೇ. ವಾಟ್ಸಾಪಿನಲ್ಲಿ ಬರುವ ಶುಭೋದಯದ ಚಿತ್ರ ಅದರ ಎಷ್ಟೋ ಪಟ್ಟು ದೊಡ್ಡದು. ಪ್ರತಿ ತೆಗೆಯುವುದು ಕೆಲವೇ ಕ್ಷಣಗಳ ಕೆಲಸ.

ಜಗಳ ಇರುವುದೂ ಅಲ್ಲೇ. ಪ್ರತಿ ತೆಗೆದು ಹಂಚಿದರೆ 'ನನ್ನಲ್ಲಿ ಮಾತ್ರ ಇದೆ' ಎನ್ನುವ ಬೆಲೆ ಇಳಿಯುತ್ತದೆ ಎಂದು ಬೀಗ ಹಾಕಿಡುವವರಿದ್ದಾರೆ. ಸಾವಿರಾರು ಡಾಲರ್ ಕೊಟ್ಟವನ ಸಂಕಟ ಸುಳ್ಳಲ್ಲ. ಹಂಚುವವನಿಗೂ ಕಾನೂನಿನ ರಕ್ಷೆ ಇಲ್ಲ, ಹಕ್ಕು ಕಂಪನಿಯದೇ. ಆದರೂ ನನಗೆ ಬೀಗದವರ ವಾದ ಒಪ್ಪಿಗೆಯಾಗಲಿಲ್ಲ. ಲಾಕರಿನಲ್ಲಿಟ್ಟ ಚಿನ್ನ ಚಿನ್ನವಾಗಿಯೇ ಇರುತ್ತದೆ. ಇದು ಲಾಕರಿನೊಳಗೇ ಖಾಲಿಯಾಗುವ ವಸ್ತು.

ಹೊವರ್ಡ್ ಸ್ಕಾಟ್ ವಾರ್ಷಾ ಎಂಬಾತನ ಕಥೆ ನೋಡಿ. 1982ರಲ್ಲಿ ಐದು ವಾರದಲ್ಲಿ ಈತ ಬರೆದ 'ಇ.ಟಿ.' ಲಕ್ಷಗಟ್ಟಲೆ ಅಚ್ಚಾಯಿತು, ಮಾರಾಟವಾಗದೆ ಉಳಿದವುಗಳಲ್ಲಿ ಒಂದಷ್ಟು ನ್ಯೂ ಮೆಕ್ಸಿಕೋದ ಅಲಮಗೋರ್ಡೋ ಊರಿನ ಕಸದ ಗುಂಡಿ ಸೇರಿತು. 2014ರಲ್ಲಿ ಅಗೆದು ತೆಗೆದರು, ಸಿನಿಮಾ ಕೂಡ ಆಯಿತು. ಅದೇ ಮನುಷ್ಯ ಆಮೇಲೆ ಬರೆದ 'ಸ್ಯಾಬೊಟರ್' ಬಿಡುಗಡೆಯೇ ಆಗಲಿಲ್ಲ. ಜನರ ಕೈಗೆ ಬಂದದ್ದು 2004ರಲ್ಲಿ, ಅಟಾರಿ ಫ್ಲ್ಯಾಶ್‌ಬ್ಯಾಕ್ ಎಂಬ ಪುಟ್ಟ ಪೆಟ್ಟಿಗೆಯಲ್ಲಿ, ಇಪ್ಪತ್ತು ವರ್ಷ ತಡವಾಗಿ. ಬರೆದವನು ಅದನ್ನು ಕಣ್ಣಾರೆ ಕಂಡ. ಎಲ್ಲರಿಗೂ ಆ ಯೋಗ ಇರುವುದಿಲ್ಲ.

ನೀವು ಆ ಕಡೆ ಹೋದರೆ ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿಗೆ ಅರ್ಧ ದಿನ ಇಡಿ. 'ಪಾಂಗ್' ಆಟದ ಮೊದಲ ಪೆಟ್ಟಿಗೆಯನ್ನು ನಾನು ನೋಡಿದ್ದು ಅಲ್ಲೇ. ಅದೂ ಪ್ರೊಟೊಟೈಪೇ, ಗೆದ್ದದ್ದು ಎಂಬುದಷ್ಟೇ ವ್ಯತ್ಯಾಸ. 1972ರಲ್ಲಿ ಅದನ್ನು ಪರೀಕ್ಷೆಗೆ ಇಟ್ಟಿದ್ದು ಸನ್ನಿವೇಲಿನ ಎಲ್ ಕಮಿನೋ ರಸ್ತೆಯ ಆಂಡಿ ಕ್ಯಾಪ್ಸ್ ಎಂಬ ಬಾರಿನಲ್ಲಿ. ಕೆಲವೇ ದಿನಗಳಲ್ಲಿ ಕೆಟ್ಟಿತೆಂದು ಬಾರಿನವರು ಕರೆ ಮಾಡಿದರು. ಇಂಜಿನಿಯರ್ ಆಲ್ ಆಲ್ಕಾರ್ನ್ ಹೋಗಿ ತೆರೆದು ನೋಡಿದರೆ ನಾಣ್ಯ ತುಂಬಿ ಉಕ್ಕಿತ್ತು. ಆ ಬಾರು ಮುಂದೆ ರೂಸ್ಟರ್ ಟಿ. ಫೆದರ್ಸ್ ಎಂಬ ಹಾಸ್ಯ ಕ್ಲಬ್ ಆಯಿತು. ಬಸ್ಸಿನಲ್ಲಿ ಹೋದರೆ ರಸ್ತೆಯಿಂದಲೇ ಕಾಣುತ್ತದೆ.